ಲಾಭ, ಎರಡು, ಮೂರು

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಮರೆತಿದ್ದೇನೆ ಎಂದಲ್ಲ. ಒಮ್ಮೆ ನಮ್ಮ ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ಹುಡುಗನೊಬ್ಬ ಅವರ ಮೇಲೆ ಪದ್ಯ ಕಟ್ಟಿ ಓದಿದ. ಓದಿ ಮುಗಿಸಿದ ಮೇಲೆ ಮೇಷ್ಟ್ರು ಆ ಹಾಳೆಯನ್ನು ಕೇಳಿ ಇಸಿದುಕೊಂಡರು. ತಮ್ಮ ಹೆಸರು ಬಂದಿದ್ದ ಸಾಲಿನ ಪಕ್ಕ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು ವಾಪಸು ಕೊಟ್ಟರು. ಅವರ ಚುಕ್ಕೆ ಎಂದರೆ ಇಲ್ಲೊಂದು ತಪ್ಪಿದೆ, ನೀನೇ ಹುಡುಕಿಕೋ ಎಂದು ಅರ್ಥ. ಹುಡುಗ ಮೂರು ದಿನ ಮಾತ್ರೆ ಎಣಿಸಿದ, ಪ್ರಾಸ ನೋಡಿದ. ಎಲ್ಲ ಸರಿಯಾಗಿಯೇ ಇತ್ತು. ಕೊನೆಗೆ ಹೋಗಿ ಕೇಳಿದರೆ, "ಹೆಸರು ಬೇಕಾಗಿರಲಿಲ್ಲ ಕಣಯ್ಯಾ. ಉಳಿದದ್ದು ಸುಳ್ಳಾದರೂ ಚೆನ್ನಾಗೈತೆ" ಎಂದರಂತೆ. ಆ ಚುಕ್ಕೆಯ ಮರ್ಯಾದೆಗಾಗಿ ನಾನೂ ಅವರನ್ನು ಬರೀ ಮೇಷ್ಟ್ರು ಎನ್ನುತ್ತೇನೆ.

ಚನ್ನಗಿರಿಯ ಹೈಸ್ಕೂಲಿನಲ್ಲಿ ಅವರು ನಮಗೆ ಗಣಿತ ಹೇಳುತ್ತಿದ್ದರು. ಆಗ ಮಹಾರಾಜರ ಕಾಲ. ದೂರದಲ್ಲೆಲ್ಲೋ ಯುದ್ಧ ನಡೆಯುತ್ತಿತ್ತು. ನಮಗೆ ಯುದ್ಧ ತಿಳಿದದ್ದು ಸೀಮೆಎಣ್ಣೆ ಸಿಗದೆ ಮತ್ತು ಕಾಗದ ಸಿಗದೆ. ಮೇಷ್ಟ್ರು ಹೊನ್ನಾಳಿಯವರು. ನಮ್ಮ ಸೀಮೆಯಲ್ಲಿ 'ಹೊನ್ನಾಳಿ ಹೊಡ್ತ' ಎಂಬ ಮಾತಿದೆ. ಬಿದ್ದರೆ ಏಳುವ ಹಾಗಿಲ್ಲ, ಅಂಥ ಹೊಡೆತ. ಅವರು ಬರುತ್ತಾರೆಂದು ಗೊತ್ತಾದಾಗ ಹುಡುಗರು ಮೊದಲ ಬೆಂಚು ಖಾಲಿ ಬಿಟ್ಟು ಹಿಂದೆ ಹೋಗಿ ಒತ್ತಿಕೊಂಡು ಕುಳಿತಿದ್ದರು. ಮೇಷ್ಟ್ರು ಬಂದವರೇ ಖಾಲಿ ಬೆಂಚನ್ನೊಮ್ಮೆ, ಹಿಂದಿನ ಗುಂಪನ್ನೊಮ್ಮೆ ನೋಡಿ, "ಹೊನ್ನಾಳಿ ಹೊಡ್ತ ಎಷ್ಟು ದೂರ ಬೀಳ್ತೈತೆ ಅಂತ ಅಳತೆ ಮಾಡಿದಂಗೈತೆ. ಒಳ್ಳೇದು, ಲೆಕ್ಕ ಬರ್ತೈತೆ ನಿಮಗೆ" ಎಂದರು. ಅವರು ಯಾರಿಗೂ ಒಂದು ದಿನವೂ ಹೊಡೆದವರಲ್ಲ.

ತಲೆಗೆ ರುಮಾಲು, ಮೇಲೆ ಒಂದು ಹಳೆಯ ಕೋಟು. ಕೋಟಿನ ಒಂದು ಜೇಬಿನಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ನಶ್ಯದ ಡಬ್ಬಿ. ಪಾಠದ ರಭಸದಲ್ಲಿ ಎಷ್ಟೋ ಸಲ ಜೇಬು ತಪ್ಪಿ ಸುಣ್ಣದ ಪುಡಿಯನ್ನೇ ಮೂಗಿಗೇರಿಸಿ ಸೀನುತ್ತಿದ್ದರು. ಪಾಠ ಪುಸ್ತಕದ ಕನ್ನಡದಲ್ಲಿ, ಬೈಗುಳ ಹೊನ್ನಾಳಿ ಕನ್ನಡದಲ್ಲಿ. ವೃತ್ತವನ್ನು ಬೋರ್ಡಿನ ಮೇಲೆ ಹೇಳಿ ಮುಗಿಸುವ ಆಸಾಮಿಯಲ್ಲ. ನಮ್ಮನ್ನೆಲ್ಲ ಬಯಲಿಗೆ ಕರೆದೊಯ್ದು, ಕೊಡೆಯ ತುದಿಯನ್ನು ನೆಲಕ್ಕೆ ಊರಿ, ಅದಕ್ಕೆ ಹುರಿ ಕಟ್ಟಿ, ಹುರಿಯ ತುದಿ ಹಿಡಿದು ಓಡಲು ಹೇಳುತ್ತಿದ್ದರು. ಓಡುವವನ ಹೆಜ್ಜೆ ಗುರುತೇ ಪರಿಧಿ. ನಡುವೆ ಕೊಡೆ ಹಿಡಿದು ನಿಂತ ಮೇಷ್ಟ್ರೇ ಕೇಂದ್ರ. "ಎಳೀಬ್ಯಾಡ್ರೋ, ಕೇಂದ್ರ ಬಿದ್ರೆ ನಿಮ್ಮ ವೃತ್ತ ಚಟ್ಟ ಆಗ್ತೈತೆ!" ಎಂದು ಕೂಗುತ್ತಿದ್ದರು.

'ಗೊತ್ತಾಯಿತಾ' ಎಂದು ಅವರು ಯಾವತ್ತೂ ಕೇಳುತ್ತಿರಲಿಲ್ಲ. "ಗೊತ್ತಾಯ್ತಾ ಅಂದ್ರೆ ಹೂಂ ಅಂತ ಸುಳ್ಳು ಹೇಳ್ತೀರಿ. ನಿಮ್ಮ ಕೈಲಿ ನಾನ್ಯಾಕೆ ಸುಳ್ಳು ಹೇಳಿಸಲಿ?" ಎನ್ನುತ್ತಿದ್ದರು. ಅದರ ಬದಲು ಒಬ್ಬೊಬ್ಬರ ಹತ್ತಿರ ಬಂದು ಬಗ್ಗಿ, "ಎಲ್ಲಿ ಕೈ ಜಾರಿತು?" ಎನ್ನುತ್ತಿದ್ದರು. ಕೈ ಜಾರಿದ ಜಾಗ ತೋರಿಸಿದವನಿಗೆ ಶಹಬ್ಬಾಸ್. ಎಲ್ಲೂ ಜಾರಿಲ್ಲ ಎಂದವನ ಲೆಕ್ಕದ ಪಕ್ಕದಲ್ಲಿ ಚುಕ್ಕೆ.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ಜಗಳೂರಿನ ಅಳತೆಯವರ ಮನೆತನ. ಸಂತೆಗೆ ಬಂದ ಕಾಳನ್ನು ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಕುಳಿತು ಅಳೆದು ಹಾಕುವುದು ನಮ್ಮ ದಾದಾನ, ಎಂದರೆ ಅಪ್ಪನ ಅಪ್ಪನ, ಕಸುಬು. ದಾದಾ ತೀರಿಕೊಂಡ ಮೇಲೆ ಸೇರು ಹಿಡಿದು ಸಂತೆಯಲ್ಲಿ ಕುಳಿತವಳು ಅವರ ಹೆಂಡತಿ, ನಮ್ಮ ದಾದಿ. ಹೆಂಗಸು ಅಳೆಯುವುದೇ ಎಂದು ಮೊದಲ ಸಂತೆಯಲ್ಲಿ ನಕ್ಕವರು ಮೂರನೆಯ ಸಂತೆಯಲ್ಲಿ ಅವಳ ಮುಂದೆಯೇ ಸಾಲು ನಿಂತರಂತೆ. ಆಮೇಲೆ ನಮ್ಮ ಅಬ್ಬಾ ಅಡಿಕೆ ಮಂಡಿಯಲ್ಲಿ ತೂಕದ ಕೆಲಸ ಹಿಡಿದು ಚನ್ನಗಿರಿಗೆ ಬಂದರು. ಅಮ್ಮ ನಾನು ಹುಟ್ಟಿದ ಎರಡೇ ವರ್ಷಕ್ಕೆ ಹೋಗಿಬಿಟ್ಟಿದ್ದಳು. ನನ್ನನ್ನು ಸಾಕಿದವಳು, ಮಾತು ಕಲಿಸಿದವಳು, ಎಣಿಸಲು ಕಲಿಸಿದವಳು ಎಲ್ಲ ದಾದಿಯೇ. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಗಾದೆ ಎರಡರಲ್ಲೂ.

ಕಾಳು ಅಳೆಯುವವರ ಎಣಿಕೆ ಒಂದರಿಂದ ಶುರುವಾಗುವುದಿಲ್ಲ. ಮೊದಲನೆಯ ಸೇರಿಗೆ 'ಒಂದು' ಎಂದರೆ ಒಂಟಿ ಎಂದಂತೆ. ಅದಕ್ಕೆ 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು, ನಾಲ್ಕು. ನಮ್ಮ ದಾದಿಯ ಬಾಯಲ್ಲಿ ಏಳು ಎಂಬುದೂ ಬರುತ್ತಿರಲಿಲ್ಲ. ಮನೆಗೆ ಬಂದ ಕಾಳಿಗೆ 'ಏಳು' ಎನ್ನುತ್ತಾರೆಯೇ, ಎದ್ದು ಹೋದರೆ? ಆದ್ದರಿಂದ ಆರಾದ ಮೇಲೆ 'ಮೇಲೊಂದು', ಆಮೇಲೆ ಎಂಟು. ನಾನು ಎಣಿಸಲು ಕಲಿತದ್ದೇ ಹೀಗೆ. ನಾಲಿಗೆ ಸ್ಕೂಲಿಗೆ ಹೋಗಿ ತಿದ್ದಿಕೊಂಡರೂ ಗಾಬರಿಯಾದಾಗ ತಲೆ ಮಾತ್ರ ದಾದಿಯ ಸೇರಿನ ಪಕ್ಕವೇ ಹೋಗಿ ಕುಳಿತುಕೊಳ್ಳುತ್ತಿತ್ತು.

ನನ್ನನ್ನು ಹೈಸ್ಕೂಲಿಗೆ ಕಳುಹಿಸಲು ಅಬ್ಬಾ ಒಪ್ಪಿದ್ದು ದಾದಿಯ ಕಾಟಕ್ಕೆ. ಒಪ್ಪುವಾಗ ಒಂದು ಷರತ್ತು ಹಾಕಿದ್ದರು. "ಒಂದು ಸಲ ನಾಪಾಸಾದರೆ ಅಲ್ಲಿಗೆ ಮುಗೀತು. ಆಮೇಲೆ ಅತ್ತು ಕರೆದು ಮಾಡಬಾರದು." ನಾನು ಹೂಂ ಎಂದಿದ್ದೆ. ಇಡೀ ಹೈಸ್ಕೂಲಿನಲ್ಲಿ ಹುಡುಗಿಯರೆಂದರೆ ಮೂವರು. ಗೋಡೆಯ ಪಕ್ಕದ ಬೆಂಚು ನಮ್ಮದು. ಉಳಿದ ಮೇಷ್ಟ್ರುಗಳು ಆ ಬೆಂಚನ್ನು ಗೋಡೆಯ ಜೊತೆಗೇ ಸೇರಿಸಿಬಿಟ್ಟಿದ್ದರು. ನಮ್ಮನ್ನು ಏನೂ ಕೇಳುತ್ತಿರಲಿಲ್ಲ. ಈ ಮೇಷ್ಟ್ರು ಮಾತ್ರ ದಿನಾ ಕೇಳುತ್ತಿದ್ದರು.

ಐದನೆಯ ಫಾರಮ್ಮಿನಲ್ಲಿ, ಎಂದರೆ ಹೈಸ್ಕೂಲಿನ ಎರಡನೆಯ ವರ್ಷದಲ್ಲಿದ್ದಾಗ ಇನ್‌ಸ್ಪೆಕ್ಟರು ಬಂದರು. ಗಣಿತದ ತರಗತಿ. ಗೋಡೆ ಪಕ್ಕದ ಬೆಂಚನ್ನು ಕಂಡು ಅವರಿಗೆ ಏನನ್ನಿಸಿತೋ, ನನ್ನತ್ತ ಬೆರಳು ತೋರಿಸಿ ಎಬ್ಬಿಸಿದರು. "ಒಬ್ಬ ವ್ಯಾಪಾರಿ ಹತ್ತು ಸೇರು ಜೋಳ ಕೊಂಡ ಬೆಲೆಗೆ ಎಂಟು ಸೇರು ಮಾರುತ್ತಾನೆ. ಲಾಭ ಎಷ್ಟು?"

ನನಗೆ ಗಾಬರಿ. ವ್ಯಾಪಾರಿ, ಬೆಲೆ ಯಾವುದೂ ಕಿವಿಗೆ ಬೀಳಲಿಲ್ಲ. ಸೇರು, ಜೋಳ ಎಂದದ್ದು ಕೇಳಿತು. ಲಾಭ ಎಷ್ಟು ಎಂದದ್ದು ಕೇಳಿತು. ಲಾಭ ಎಷ್ಟು ಎಂದರೆ ಎಷ್ಟು? ಇದೆಂಥ ಪ್ರಶ್ನೆ, ನಮ್ಮ ಮನೆಯ ಬೆಕ್ಕಿಗೂ ಗೊತ್ತು.

"ಒಂದು, ಸಾರ್" ಎಂದೆ.

ಇನ್‌ಸ್ಪೆಕ್ಟರು ಕನ್ನಡಕ ಸರಿಮಾಡಿಕೊಂಡರು. "ಏನು ಒಂದು?"

"ಲಾಭ ಅಂದರೆ ಒಂದು, ಸಾರ್. ಆಮೇಲೆ ಎರಡು."

ಹುಡುಗರು ಬೆಂಚು ಬಡಿದು ನಕ್ಕರು. ಇನ್‌ಸ್ಪೆಕ್ಟರೂ ನಕ್ಕರು. ಹೊರಡುವಾಗ ಹೆಡ್‌ಮಾಸ್ಟರಿಗೆ, ಹುಡುಗಿಗೆ ಗಣಿತ ಯಾಕೆ, ಸುಲಭದ ಬೇರೆ ವಿಷಯ ಕೊಡಿಸಿಬಿಡಿ ಎಂದು ಹೇಳಿಹೋದರು. ಸಾಯಂಕಾಲ ಮನೆಗೆ ಬರುವಾಗ ಅಡಿಕೆ ಮಂಡಿಯವರೆಗೂ ಹಿಂದಿನಿಂದ ಕೂಗು: "ಲಾಭದ ಬೀಬಿ! ಏ ಲಾಭದ ಬೀಬಿ! ಆಮೇಲೆ ಎಷ್ಟು?"

ಮಾರನೆಯ ದಿನ ನಾನು ಸ್ಕೂಲಿಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಮೇಷ್ಟ್ರು ಕೊಡೆ ಹಿಡಿದು ನಮ್ಮ ಬಾಗಿಲಿಗೆ ಬಂದರು.

ದಾದಿ ಪಡಸಾಲೆಯಲ್ಲಿ ಕುಳಿತು ನೆರೆಮನೆಯವರ ಜೋಳ ಅಳೆದು ಹಾಕುತ್ತಿದ್ದಳು. "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ನಮ್ಮ ಹುಡುಗಿ ಒಳಗೆ ಮುಸುಕು ಹಾಕ್ಕೊಂಡು ಮಕ್ಕಂಡೈತೆ. ಜ್ವರ ಅಂತೈತೆ. ನಾಲಿಗೆ ಮೇಲೆ ಬಂದ ಜ್ವರ ಅದು" ಎಂದಳು.

ಮೇಷ್ಟ್ರು ಜೋಳದ ಚೀಲದ ಮೇಲೆಯೇ ಕುಳಿತರು. "ಇರ್ಲಿ ಬಿಡ್ರಿ ಅಮ್ಮಾ. ನಾನು ಬಂದಿದ್ದು ನಿಮ್ಮ ಹತ್ರ. ನೀವು ಎಣಿಸೋದನ್ನ ಕೇಳಾಕೆ."

"ನಾನು ಎಣಿಸೋದನ್ನಾ? ನೀವು ಬಿ.ಎ. ಓದಿದೋರು!"

"ಬಿ.ಎ.ದಾಗೆ ಸೇರು ಹಿಡಿಯಾಕೆ ಕಲಿಸಲ್ಲ."

ದಾದಿ ನಕ್ಕು ಸೇರನ್ನು ರಾಶಿಗೆ ಚುಚ್ಚಿದಳು. ಬಾಗಿಲ ಮರೆಯಿಂದ ನಾನು ನೋಡುತ್ತಿದ್ದೆ. ಸೇರು ತುಂಬಿತು, ಅಂಗೈ ಅದರ ಬಾಯಿಯ ಮೇಲೆ ಹರಿದು ಹೋಯಿತು. "ಲಾಭ. ಎರಡು. ಮೂರು..." ದಾದಿ ಎಣಿಸಿದ ಹಾಗೆಯೇ ಮೇಷ್ಟ್ರು ಹಿಂದೆ ಹಿಂದೆ ಹೇಳಿದರು. ಆರಾದ ಮೇಲೆ ಮೇಷ್ಟ್ರ ಬಾಯಿಂದ 'ಏಳು' ಜಾರಿತು. ದಾದಿಯ ಕೈ ಗಾಳಿಯಲ್ಲೇ ನಿಂತಿತು.

"ಏನ್ರೀ ಮೇಷ್ಟ್ರೇ, ಪಾಪ ಅವರ ಮನೆ ಕಾಳನ್ನ ಎಬ್ಬಿಸಿ ಕಳಿಸ್ತೀರಾ?"

"ತಪ್ಪಾತು ತಪ್ಪಾತು. ಮೇಲೊಂದು!"

ಅಳೆದು ಮುಗಿದ ಮೇಲೆ ಮೇಷ್ಟ್ರು ಇನ್‌ಸ್ಪೆಕ್ಟರ ಲೆಕ್ಕವನ್ನು ದಾದಿಗೆ ಹಾಕಿದರು. ದಾದಿ ರೆಪ್ಪೆ ಬಡಿಯುವಷ್ಟರಲ್ಲಿ, "ಹತ್ತು ತಂದ, ಎಂಟಕ್ಕೇ ಅಸಲು ಬಂತು, ಎರಡು ಉಳೀತು. ಎಂಟಕ್ಕೆ ಎರಡು ಅಂದ್ರೆ ನಾಕಕ್ಕೆ ಒಂದು. ಕಾಲು ಭಾಗ" ಎಂದಳು. ಆಮೇಲೆ ಕಣ್ಣು ಕಿರಿದು ಮಾಡಿ, "ಅಲ್ರೀ, ನಾಕಕ್ಕೆ ಒಂದು ಅಂದಮ್ಯಾಗೆ ನಮ್ಮ ಹುಡುಗಿ ಒಂದು ಅಂದಿದ್ದು ಸರೀನೇ ಆತಲ್ಲ! ಅದಕ್ಯಾಕೆ ನಕ್ಕರು?" ಎಂದಳು.

ಮೇಷ್ಟ್ರು ನಶ್ಯ ಏರಿಸುತ್ತಿದ್ದವರು ನಗು ತಡೆಯಲಾರದೆ ಸೀನಿ, ಸೀನಿ, ಕಣ್ಣೊರೆಸಿಕೊಂಡರು. "ಅಮ್ಮಾ, ನೀವು ವಕೀಲಿ ಮಾಡ್ಬೇಕಾಗಿತ್ತು."

ಅವರು ಏಳುವಾಗ ದಾದಿ ಮಡಿಲಲ್ಲಿ ಶೇಂಗಾ ತಂದಳು. ಸ್ವಲ್ಪ ಅನುಮಾನಿಸಿ, "ಹಸೀವು ರೀ, ಹುರಿದಿಲ್ಲ. ಹಸೀ ಕಾಯಿಗೆ ನಿಮ್ದು ನಮ್ದು ಅಂತಿಲ್ಲಲ್ಲ, ನೀವು ತಿನ್ನಬೌದು" ಎಂದಳು. ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ಅವರಂಥವರು ಮುಟ್ಟುವ ಕಾಲವಲ್ಲ ಅದು.

ಮೇಷ್ಟ್ರು ಮತ್ತೆ ಚೀಲದ ಮೇಲೆ ಕುಳಿತರು. "ಹುರಿದು ಕೊಡ್ರಿ ಅಮ್ಮಾ, ಕಾಯ್ತೀನಿ. ಹಸೀವು ತಿಂದ್ರೆ ನಂಗೆ ಹೊಟ್ಟೆನೋವು ಬರ್ತೈತೆ."

ಮಾರನೆಯ ದಿನ ನಾನು ಸ್ಕೂಲಿಗೆ ಹೋದೆ. ಮೇಷ್ಟ್ರು ಪುಸ್ತಕ ತೆರೆಯಲಿಲ್ಲ. "ನಿಮ್ಮ ಮನೆ ಕಣದಾಗೆ ರಾಶಿ ಅಳೀವಾಗ ಮೊದಲನೇ ಸೇರಿಗೆ ಏನಂತಾರೆ? ಲಾಭ ಅನ್ನೋರೆಲ್ಲ ಎದ್ದು ನಿಲ್ರಿ" ಎಂದರು. ಯಾರೂ ಅಲುಗಲಿಲ್ಲ. "ಸುಳ್ಳು ಹೇಳಿದ್ರೆ ನಾನೇ ನಿಮ್ಮ ಮನೆಗೆ ಬಂದು ಕೇಳ್ತೀನಿ" ಎಂದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ಆಮೇಲೆ ಇಬ್ಬರು. ಆಮೇಲೆ ಇಡೀ ತರಗತಿ ಎದ್ದು ನಿಂತಿತು. ಅಮಲ್ದಾರರ ಮಗನೊಬ್ಬನೇ ಕುಳಿತಿದ್ದ. ಅವರ ಮನೆಗೆ ಕಾಳು ಅಳೆದೇ ಬರುತ್ತಿತ್ತು.

"ಹಂಗಾರೆ ನಿಮ್ಮಪ್ಪಂದಿರೂ ಲಾಭದ ಬೀಬಿಗಳೇನು? ಕುಂತ್ಕಳ್ರಿ" ಎಂದರು. ಆ ಕೂಗು ಅಂದಿಗೆ ನಿಂತಿತು.

ನಾನು ಒಳಗೊಳಗೇ ಗೆದ್ದೆನೆಂದುಕೊಂಡೆ. ಮೇಷ್ಟ್ರು ನನ್ನ ಬೆಂಚಿನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ ಮಾತು ಆ ಗೆಲುವನ್ನು ಇಳಿಸಿತು. "ನೀನು ಲಾಭ ಅಂದ್ರೆ ಒಂದು ಅಂದಿದ್ದು ತಪ್ಪಲ್ಲಮ್ಮ. ಪ್ರಶ್ನೆ ಪೂರಾ ಕೇಳದೆ ಉತ್ತರ ಹೇಳಿದ್ದು ತಪ್ಪು. ಅದಕ್ಕೆ ನಿಮ್ಮ ದಾದಿ ಜವಾಬ್ದಾರಿ ಅಲ್ಲ, ನೀನು. ನಾಳೆಯಿಂದ ಬೆಳಿಗ್ಗೆ ಸ್ಕೂಲು ಶುರುವಾಗಾಕೆ ಒಂದು ತಾಸು ಮುಂಚೆ ಬಾ." ಬೇರೆ ವಿಷಯ ಕೊಡಿಸುವ ಮಾತನ್ನು ಹೆಡ್‌ಮಾಸ್ಟರು ಎತ್ತಿದಾಗ, "ಆಕೆ ಗಣಿತ ಬಿಟ್ರೆ ನಾನೂ ಬಿಡ್ತೀನಿ, ಇಬ್ಬರಿಗೂ ಸುಲಭದ ಬೇರೆ ವಿಷಯ ಕೊಡಿಸ್ರಿ" ಎಂದರಂತೆ.

ಹೀಗೆ ಬೆಳಗಿನ ಪಾಠ ಶುರುವಾಯಿತು. ಹುಡುಗಿಯನ್ನು ಒಂಟಿಯಾಗಿ ಕಳುಹಿಸುವ ಹಾಗಿಲ್ಲ ಎಂದು ಬುರ್ಖಾ ಹಾಕಿಕೊಂಡು ದಾದಿಯೂ ಬರುತ್ತಿದ್ದಳು. ಸ್ಕೂಲಿನ ಜಗಲಿಯ ಕಂಬಕ್ಕೆ ಒರಗಿ ಶೇಂಗಾ ಸುಲಿಯುತ್ತಾ ಕೂರುತ್ತಿದ್ದಳು. ಕೂತವಳು ಸುಮ್ಮನೆ ಕೂರಬೇಕಲ್ಲ. ಮೇಷ್ಟ್ರು ಲೆಕ್ಕ ಹೇಳಿ ಮುಗಿಸುವ ಮೊದಲೇ ಕಂಬದ ಕಡೆಯಿಂದ ಉತ್ತರ ಬರುತ್ತಿತ್ತು. ಮೇಷ್ಟ್ರು ಕೈಮುಗಿದು, "ಅಮ್ಮಾ, ದಯಮಾಡಿ ಬಾಯಿಗೆ ಎರಡು ಕಾಯಿ ಹಾಕ್ಕಳ್ರಿ. ನೀವು ಎಷ್ಟು ಸರಿ ಹೇಳಿದ್ರೂ ಸರ್ಕಾರ ನಿಮಗೆ ಮಾರ್ಕು ಕೊಡಲ್ಲ" ಎನ್ನುತ್ತಿದ್ದರು. ಬೀಜಗಣಿತ ಬಂದಾಗ ಮಾತ್ರ ದಾದಿ ಸೋತಳು. "ಕಾಳಿಲ್ದೆ, ಸೇರಿಲ್ದೆ, ಬರೀ ಎಕ್ಸು ಅಂತ ಅಳೆದ್ರೆ ಯಾರು ಕೊಳ್ತಾರೆ?" ಎಂದು ಗೊಣಗಿ ನಿದ್ದೆ ಹೋದಳು.

ಆ ವರ್ಷ ಪಾಸಾದೆ. ಕೊನೆಯ ವರ್ಷ, ದಸರಾ ರಜೆ ಮುಗಿಯುವ ಹೊತ್ತಿಗೆ ಮೇಷ್ಟ್ರಿಗೆ ನ್ಯಾಮತಿಗೆ ವರ್ಗವಾಯಿತು. ಹೊರಡುವ ದಿನ ಮನೆಗೆ ಬಂದು ಒಂದು ಕಟ್ಟು ಜವಾಬಿ ಕಾರ್ಡುಗಳನ್ನು ತೋರಿಸಿದರು. ಜವಾಬಿ ಕಾರ್ಡೆಂದರೆ ಜೋಡಿ ಕಾರ್ಡು. ಒಂದರಲ್ಲಿ ಕಾಗದ ಬರೆದರೆ ಇನ್ನೊಂದರಲ್ಲಿ ಉತ್ತರ ಬರೆದು ಹಾಕುವುದು. "ವಾರಕ್ಕೆ ಒಂದು ಲೆಕ್ಕ ಹಾಕ್ತೀನಿ. ಉತ್ತರ ಅಲ್ಲ, ದಾರಿ ಬರೀಬೇಕು" ಎಂದರು.

ಹಾಗೆಯೇ ನಡೆಯಿತು. ಪ್ರತಿ ವಾರ ನ್ಯಾಮತಿಯಿಂದ ಕಾರ್ಡು ಬರುತ್ತಿತ್ತು. ನಾನು ಇರುವೆ ಅಕ್ಷರದಲ್ಲಿ ಬಿಡಿಸಿ ಕಳುಹಿಸುತ್ತಿದ್ದೆ. ಅವರು ಅದನ್ನು ಹೊಸ ಲೆಕ್ಕದ ಜೊತೆ ಲಕೋಟೆಯಲ್ಲಿಟ್ಟು ವಾಪಸು ಕಳುಹಿಸುತ್ತಿದ್ದರು. ಮೇಲೆ ಒಂದಕ್ಷರವೂ ಇಲ್ಲ, ಬರೀ ಚುಕ್ಕೆಗಳು. ಕಾರ್ಡಿನಲ್ಲಿ ಗುಟ್ಟೆಂಬುದುಂಟೇ? ಟಪಾಲಿನ ಈರಪ್ಪ ದಾರಿಯುದ್ದಕ್ಕೂ ನನ್ನ ಲೆಕ್ಕ ಓದಿಕೊಂಡೇ ಅಂಚೆಪೆಟ್ಟಿಗೆಗೆ ಹಾಕುತ್ತಿದ್ದ. "ಏನವ್ವಾ ತಂಗಿ, ಕೊನೇ ಸಾಲಿನಾಗೆ ಭಾಗಾಕಾರ ಯಾಕೋ ಡೌಟು. ಇನ್ನೊಂದ್ಸಲ ನೋಡ್ತೀಯಾ, ಇಲ್ಲಾ ಹಿಂಗೇ ಹಾಕಲಾ?" ಎಂದು ವಾಪಸು ತಂದುಕೊಟ್ಟದ್ದೂ ಉಂಟು.

ಒಂದು ವಾರ ವಾಪಸು ಬಂದ ನನ್ನ ಉತ್ತರದಲ್ಲಿ ಮೂರನೆಯ ಸಾಲಿನ ಪಕ್ಕ ಒಂದೇ ಒಂದು ಸಣ್ಣ ಚುಕ್ಕೆ. ಆ ಸಾಲಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಒಂದು ದಾರಿ ಬಿಟ್ಟು ಇನ್ನೊಂದು ಹಿಡಿದೆ, ಅದೂ ಬಿಟ್ಟು ಮತ್ತೊಂದು. ಎಲ್ಲದರಿಂದಲೂ ಅದೇ ಉತ್ತರ ಬಂತು. ಮೂರನ್ನೂ ಬರೆದು, 'ಎಲ್ಲಿ ಕೈ ಜಾರಿತೋ ತಿಳಿಯಲಿಲ್ಲ, ಕ್ಷಮಿಸಬೇಕು' ಎಂದು ಕಳುಹಿಸಿದೆ. ಆ ಸಲ ಮೇಷ್ಟ್ರು ಮೊದಲ ಬಾರಿಗೆ ಅಕ್ಷರದಲ್ಲಿ ಬರೆದರು: 'ಅದು ನನ್ನ ಚುಕ್ಕೆಯಲ್ಲ, ನೊಣದ್ದು. ಒಂದು ಲೆಕ್ಕವನ್ನು ಮೂರು ದಾರಿಯಲ್ಲಿ ಮಾಡುವುದನ್ನು ನಾನು ಕಲಿಸಿರಲಿಲ್ಲ. ನೊಣಕ್ಕೆ ನನ್ನ ನಮಸ್ಕಾರ.'

ಇಷ್ಟಾದರೂ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ಬಿದ್ದೆ. ಮನೆಯಲ್ಲಿ ಕುಳಿತು ಮಾಡಿದ ಲೆಕ್ಕ ಗಂಟೆ ಬಾರಿಸುವ ಕೋಣೆಯಲ್ಲಿ ಕೈಗೆ ಬರಲಿಲ್ಲ. ಅಬ್ಬಾ ಕೂಗಾಡಲಿಲ್ಲ. ಊಟ ಮಾಡಿ ಕೈತೊಳೆದು, "ಮಾತು ಮಾತೇ, ಬೇಟಿ" ಎಂದರು. ಒಂದು ಸಂಬಂಧದ ಮಾತು ಮೊದಲೇ ಬಂದಿತ್ತು. ಬರುವ ಭಾನುವಾರ ಗಂಡಿನ ಕಡೆಯವರನ್ನು ಕರೆಸುತ್ತೇನೆ ಎಂದರು. ನಾನು ಆ ವಾರದ ಕಾರ್ಡಿನಲ್ಲಿ ಲೆಕ್ಕ ಬಿಡಿಸಲಿಲ್ಲ. 'ನಾಪಾಸಾದೆ. ಇನ್ನು ಲೆಕ್ಕ ಕಳುಹಿಸಬೇಡಿ' ಎಂದಷ್ಟೇ ಬರೆದೆ. ಈರಪ್ಪ ಅದನ್ನು ಓದಿದ. ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡು ಬೇಗ ಬೇಗ ಹೋದ.

ಶನಿವಾರ ಸಂಜೆ ಬಾಗಿಲಲ್ಲಿ ಒಬ್ಬ ಕರಿಯ ಮನುಷ್ಯ ನಿಂತಿದ್ದ. ರುಮಾಲು ಕಪ್ಪು, ಮುಖ ಕಪ್ಪು, ಕೋಟು ಕಪ್ಪು. ಕೊಡೆಯಿಂದ ಗುರುತು ಹತ್ತಿತು. ಆಗ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದಕ್ಕಿಂತ, ಏರು ಬಂದಲ್ಲೆಲ್ಲ ಜನ ಇಳಿದು ನೂಕುತ್ತಿದ್ದರು. ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ಚನ್ನಗಿರಿ. ಮೇಷ್ಟ್ರು ಆ ದಾರಿಯಷ್ಟೂ ಬಸ್ಸಿನ ಇದ್ದಿಲೊಲೆಯ ಪಕ್ಕ ಕುಳಿತು ಬಂದಿದ್ದರು.

ದಾದಿ ನೀರು ಕೊಟ್ಟಳು. ಅವರು ಮುಖ ತೊಳೆಯದೆ ಅಬ್ಬಾನ ಎದುರು ಕುಳಿತರು.

"ಮೇಷ್ಟ್ರೇ, ನೀವು ದೊಡ್ಡೋರು, ಇಷ್ಟು ದೂರ ಬರಬಾರದಿತ್ತು" ಎಂದರು ಅಬ್ಬಾ. "ಒಂದು ಸಲ ನಾಪಾಸಾದ್ರೆ ಮುಗೀತು ಅಂತ ಮಾತಾಗಿತ್ತು. ಹುಡುಗೀನೂ ಒಪ್ಪಿದ್ಲು."

"ಹೌದು, ಆಗಿತ್ತು. ಆದರೆ ಇದು ಅರ್ಧವಾರ್ಷಿಕ. ನಿಮ್ಮದು ಅಳತೆ ಮನೆತನ, ನಿಮ್ಮನ್ನೇ ಕೇಳ್ತೀನಿ. ಅರ್ಧ ರಾಶಿ ಅಳೆದು, ಎದ್ದು ನಿಂತು, ಬೆಳೆ ಇಷ್ಟೇ ಅಂತ ಯಾವತ್ತಾದ್ರೂ ಹೇಳೀರಾ?"

ಅಬ್ಬಾ ತಲೆ ತಗ್ಗಿಸಿದರು. ದಾದಿ ಒಳಗಿನಿಂದಲೇ, "ಹಂಗೆ ಹೇಳಿದೋನ ಕೈಗೆ ಜಗಳೂರು ಸಂತೇಲಿ ಸೇರು ಕೊಡ್ತಿರಲಿಲ್ಲ" ಎಂದಳು.

ಅಬ್ಬಾ ತಲೆಯೆತ್ತಿ ಕೇಳಿದರು. ಕೋಪದಿಂದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದರು. "ನಿಮ್ಮ ಮಗಳಾಗಿದ್ರೆ ಏನು ಮಾಡ್ತಿದ್ರಿ, ಮೇಷ್ಟ್ರೇ?"

ಮೇಷ್ಟ್ರು ನಶ್ಯದ ಡಬ್ಬಿ ತೆಗೆದರು, ಮುಚ್ಚಿದರು. "ನನಗೊಬ್ಬಳು ಮಗಳಿದ್ದಾಳೆ ಸಾಹೇಬ್ರೇ. ನನಗಿಂತ ಚುರುಕು. ನಾನು ಬೋರ್ಡಿನ ಮೇಲೆ ಮಾಡೋದನ್ನ ಅವಳು ಬಾಯಾಗೇ ಮಾಡ್ತಿದ್ಲು. ನಾಲ್ಕನೇ ಕ್ಲಾಸಿಗೆ ಬಿಡಿಸಿ ಮದುವೆ ಮಾಡಿದೆ. ಯಾರೂ ಒತ್ತಾಯ ಮಾಡಿರಲಿಲ್ಲ, ನಾನೇ ಮಾಡಿದೆ. ಈಗ ತೌರಿಗೆ ಬಂದಾಗ ಎಲ್ಲಾ ಮಾತಾಡ್ತಾಳೆ, ಲೆಕ್ಕದ ಮಾತು ಒಂದನ್ನ ಬಿಟ್ಟು. ನಾನು ಏನು ಮಾಡ್ತಿದ್ದೆ ಅಂತ ಕೇಳಿದ್ರಲ್ಲ, ಮಾಡಿದ್ದು ಹೇಳಿದೆ. ನೀವು ಮಾಡಬ್ಯಾಡ್ರಿ ಅನ್ನಾಕೆ ಬಂದೆ."

ಇದ್ದಿಲ ಮಸಿಯ ಮುಖದಲ್ಲಿ ಎರಡು ಗೆರೆ ಬೆಳ್ಳಗೆ ಇಳಿದಿದ್ದವು. ಅಬ್ಬಾ ಎದ್ದು ತಾವೇ ತಂಬಿಗೆ ಹಿಡಿದು, "ಬರ್ರಿ, ಮುಖ ತೊಳೀರಿ" ಎಂದು ಅವರ ಕೈಗೆ ನೀರು ಹಾಕಿದರು. ಭಾನುವಾರ ಬರುವವರಿಗೆ ಬೇಡವೆಂದು ಹೇಳಿ ಕಳುಹಿಸಿದರು.

ಆಮೇಲಿನ ಮೂರು ತಿಂಗಳು ನಾನು ಓದಿದ್ದು ಜಾಣೆಯಾಗಬೇಕೆಂದಲ್ಲ. ಆ ಎರಡು ಗೆರೆಗಳಿಗೆ ಉತ್ತರ ಕೊಡಬೇಕೆಂಬ ಹಟದಿಂದ. ವಾರಕ್ಕೆ ಒಂದರಂತೆ ಬರುತ್ತಿದ್ದ ಕಾರ್ಡು ಎರಡಾಯಿತು. ಕೋಣೆಯಲ್ಲಿ ಕೈ ಕಟ್ಟುವ ರೋಗಕ್ಕೆ ದಾದಿಯೇ ಮದ್ದು ಕಂಡುಹಿಡಿದಳು. ನಾನು ಲೆಕ್ಕ ಮಾಡುವಾಗ ಹಿತ್ತಾಳೆಯ ತಟ್ಟೆ ಬಡಿಯುತ್ತಾ, ನೆರೆಹೊರೆಯವರನ್ನೆಲ್ಲ ಕರೆದು ಪಕ್ಕದಲ್ಲಿ ಕೂರಿಸಿ ಹರಟೆ ಹೊಡೆಸುತ್ತಾ ಇದ್ದಳು. ಆ ಸಂತೆಯೊಳಗೆ ಲೆಕ್ಕ ಬಂದ ಮೇಲೆ ಪರೀಕ್ಷೆಯ ಕೋಣೆ ಮಸೀದಿಯಂತೆ ತಣ್ಣಗೆ ಕಂಡಿತು. ಶಿವಮೊಗ್ಗದಲ್ಲಿ ಪರೀಕ್ಷೆ. ಪ್ರಶ್ನೆಪತ್ರಿಕೆಯನ್ನು ಕೊನೆಯ ಪದದವರೆಗೆ ಎರಡು ಸಲ ಓದಿದ ಮೇಲೆಯೇ ಪೆನ್ನು ಮುಟ್ಟಿದೆ.

ಗಣಿತದಲ್ಲಿ ನಲವತ್ತೆರಡು ಬಂತು. ಪಾಸು. ಅಬ್ಬಾ ಮಂಡಿಯಲ್ಲಿ ಸಕ್ಕರೆ ಹಂಚಿದರು. ಬೇಸಿಗೆ ರಜೆಗೆ ಮೇಷ್ಟ್ರು ಹೊನ್ನಾಳಿಯ ಮನೆಯಲ್ಲಿದ್ದರು. ಅಬ್ಬಾ, ದಾದಿ, ನಾನು ಮೂವರೂ ಹೋದೆವು. ನಲವತ್ತೆರಡು ಎಂದು ಹೇಳಲು ನನಗೆ ನಾಚಿಕೆ. ಅಷ್ಟು ಕಾರ್ಡು, ಅಷ್ಟು ಬೆಳಗು, ಅಷ್ಟು ಇದ್ದಿಲು, ಅದಕ್ಕೆ ಇಷ್ಟೇ.

ಮೇಷ್ಟ್ರು ತಲೆಯಾಡಿಸಿದರು. "ಸಾಕು. ಉಳಿದ ಐವತ್ತೆಂಟು ಮಕ್ಕಳಿಗೆ ಹೇಳ್ಕೊಡ್ತಾ ಕಲಿ." ಹೇಳಿದವರೇ ಒಳಗೆ ಹೋಗಿ ಉಪಾಧ್ಯಾಯಿನಿಯರ ತರಬೇತಿಯ ಅರ್ಜಿ ತಂದರು. ಅದನ್ನು ಅವರು ಮೊದಲೇ ತರಿಸಿ ಇಟ್ಟಿದ್ದರು, ಫಲಿತಾಂಶ ಬರುವುದಕ್ಕೂ ಮುಂಚೆ. ಅಬ್ಬಾ ಆ ಅರ್ಜಿಯನ್ನು ನೋಡಿ, ನನ್ನನ್ನು ನೋಡಿ, "ಈ ಮನುಷ್ಯನ ಹತ್ರ ಮಾತಾಡಿ ಗೆಲ್ಲಾಕಾಗಲ್ಲ. ಸಹಿ ಎಲ್ಲಿ ಹಾಕ್ಬೇಕು ಹೇಳ್ರಿ" ಎಂದರು.

ತರಬೇತಿ ಮುಗಿಸಿದ ಮೇಲೆ ನನಗೆ ಜಗಳೂರು ಸೀಮೆಯಲ್ಲೇ, ಬಿಳಿಚೋಡಿನಲ್ಲಿ ಕೆಲಸವಾಯಿತು. ಉಳಿದ ಐವತ್ತೆಂಟನ್ನು ನಾನು ಮಕ್ಕಳಿಂದಲೇ ಕಲಿತೆ. ಮೇಷ್ಟ್ರು ಹೇಳಿದ್ದು ತಮಾಷೆಯೆಂದುಕೊಂಡಿದ್ದೆ, ಅಕ್ಷರಶಃ ನಿಜವಾಗಿತ್ತು.

ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಒಂದು ಮಧ್ಯಾಹ್ನ ಹೊನ್ನಾಳಿಯಿಂದ ಕಾಗದ ಬಂತು. ಬರೆದವಳು ಮೇಷ್ಟ್ರ ಮಗಳು. ಅಪ್ಪ ಹೋದ ಮಂಗಳವಾರ ತೀರಿಕೊಂಡರು, ನಿಮಗೆ ತಿಳಿಸಬೇಕೆನ್ನಿಸಿತು ಎಂದು ನಾಲ್ಕು ಸಾಲು. ಅಕ್ಷರ ಬಹಳ ದುಂಡಗಿತ್ತು, ನಾಲ್ಕನೇ ಕ್ಲಾಸಿನ ಹುಡುಗಿಯ ಅಕ್ಷರದ ಹಾಗೆ. ಅಂತ್ಯಕ್ರಿಯೆ ಮುಗಿದು ಹೋಗಿತ್ತು. ಕಾಗದವನ್ನು ಆಫೀಸಿಗೆ ಒಯ್ದು ತೋರಿಸಿದೆ. ಹೆಡ್‌ಮಾಸ್ಟರು, ಮನೆಗೆ ಹೋಗಮ್ಮ, ಇವತ್ತು ಪಾಠ ಬೇಡ ಎಂದರು.

ಅದೇ ಹೊತ್ತಿಗೆ ಕುರಿ ಸಾಕುವವರ ಮನೆಯ ಯಜಮಾನನೊಬ್ಬ ಕಂಬಳಿ ಹೊದ್ದು ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಮಗಳ ಹೆಸರು ಹೊಡೆದುಹಾಕಿಸಲು ಬಂದಿದ್ದ. ಲೆಕ್ಕದಲ್ಲಿ ಎರಡು ಸಲ ಬಿದ್ದಿದ್ದಳು. "ಕುರಿ ಹಿಂದೆ ಹೋಗಾಕೆ ಎಷ್ಟು ಲೆಕ್ಕ ಬೇಕು ಅಷ್ಟು ಬರ್ತೈತೆ ಬಿಡ್ರಿ" ಎಂದು ನಕ್ಕು, ಹೆಬ್ಬೆಟ್ಟೊತ್ತಲು ಕೈ ಚಾಚಿದ.

ನಾನು ಶಾಯಿಯ ದೌತಿ ತೆಗೆದು ಬೇರೆ ಕಡೆ ಇಟ್ಟೆ. "ನಡೀರಿ ಅಣ್ಣಾ, ನಿಮ್ಮ ಮನೆಗೆ ಹೋಗಾಣ" ಎಂದೆ.

"ಯಾಕವ್ವಾ? ಇಲ್ಲೇ ಒತ್ತಿ ಹೋಗ್ತೀನಿ."

"ಒತ್ತೋದಿದ್ರೆ ಅಲ್ಲೇ ಒತ್ತಿಸ್ಕೊಳ್ತೀನಿ. ನಡೀರಿ."

ಊರಾಚೆಗೆ ಅವನ ಮನೆ. ದಾರಿಯುದ್ದಕ್ಕೂ ಅವನು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ, ಈ ಟೀಚರಮ್ಮ ಎಲ್ಲಾದರೂ ವಾಪಸು ಹೋದಾಳೇ ಎಂದು. ಮನೆಯ ಕಟ್ಟೆಯ ಮೇಲೆ ನಾನು ಕುಳಿತೆ.

"ಈಗೇನು ಟೀಚರಮ್ಮ? ಎಷ್ಟೊತ್ತು ಕುಂತಿರ್ತೀರಿ?"

"ಮಗಳನ್ನ ಸ್ಕೂಲಿಗೆ ಕಳಿಸಾಕೆ ನೀವು ಹೂಂ ಅನ್ನೋ ತನಕ."

"ನಾನು ಅನ್ನಲ್ಲ ಅಂದ್ರೆ?"

"ನಾಳೆ ಬರ್ತೀನಿ. ನಾಡಿದ್ದೂ ಬರ್ತೀನಿ. ನನಗೆ ಬೇರೆ ಕೆಲಸ ಇಲ್ಲ ಅಣ್ಣಾ, ಇದೇ ನನ್ನ ಕೆಲಸ."

ಅವನು ತಲೆ ಕೆರೆದುಕೊಂಡ. ಕುರಿಗಳನ್ನು ನೋಡಿದ, ಆಕಾಶ ನೋಡಿದ, ನನ್ನನ್ನು ನೋಡಿದ. ಕೊನೆಗೆ ಸೋತವನಂತೆ ಒಳಗೆ ಕೂಗಿದ: "ಏ ಪುಟ್ಟೀ, ಟೀಚರಮ್ಮ ಬರೀ ಕಲ್ಲ ಮೇಲೆ ಕುಂತೈತೆ. ಕಂಬಳಿ ತಂದು ಹಾಸು."

ಬಾಗಿಲ ಹಿಂದೆ ಅಷ್ಟು ಹೊತ್ತೂ ನಿಂತು ಕೇಳುತ್ತಿದ್ದ ಹುಡುಗಿ ಹೊರಗೆ ಬಂದಳು. ಅವಳು ಕಂಬಳಿ ತರಲಿಲ್ಲ. ಸ್ಲೇಟು ತಂದಳು.